ಅಪರಾಧಿಯ ಬದುಕಿನ ಕಥೆಯನ್ನು ಚಿಕಿತ್ಸಕರು ಏಕೆ ಕೇಳುತ್ತಾರೆ?

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ಒಬ್ಬಾತ ನನ್ನ ಅಣ್ಣನ ಮೇಲೆ ಹಲ್ಲೆ ಮಾಡಿದ. ಅಣ್ಣನ ಬಲಗೈ ಇಂದಿಗೂ ಸ್ವಾಧೀನದಲ್ಲಿಲ್ಲ. ಹಲ್ಲೆ ಮಾಡಿದವನಿಗೆ ಶಿಕ್ಷೆಯಾಗಿದೆ. ಈಗ ಅವನು ಜೈಲಿನಲ್ಲಿ ಮನೋಚಿಕಿತ್ಸೆಗೆ ಸೇರಿದ್ದಾನೆಂದೂ, ಅಲ್ಲಿ ತನ್ನ ಬದುಕಿನ ಕಥೆಯನ್ನು ಹೇಳಿಕೊಳ್ಳುತ್ತಾನೆಂದೂ ತಿಳಿಯಿತು. ಬಾಲ್ಯದ ಕಷ್ಟಗಳನ್ನು ಹೇಳಿಕೊಂಡರೆ ಅದು ಒಂದು ನೆಪವಾಗುವುದಿಲ್ಲವೇ? ಅವನು ಹೇಳುವುದು ಸುಳ್ಳಾಗಿದ್ದರೆ ಚಿಕಿತ್ಸಕರಿಗೆ ಹೇಗೆ ಗೊತ್ತಾಗುತ್ತದೆ? ಆ ಕಥೆಯಲ್ಲಿ ನನ್ನ ಅಣ್ಣನಿಗೆ ಏನಾದರೂ ಜಾಗವಿದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಬಾರಿ ಓದಿದೆ. ನಿಮ್ಮ ಅಣ್ಣನ ಕೈಗೆ ಆದದ್ದು ಅದನ್ನು ಮಾಡಿದವನಿಗೆ ಸಿಗುವ ಯಾವ ಚಿಕಿತ್ಸೆಯಿಂದಲೂ ಸರಿಹೋಗುವುದಿಲ್ಲ. ಆದರೂ ಅವನಿಗಾಗಿ ಒಂದು ಕೋಣೆ, ಒಂದು ಕುರ್ಚಿ, ಇನ್ನೊಬ್ಬರ ಪೂರ್ಣ ಗಮನದ ಒಂದು ಗಂಟೆ ಮೀಸಲಾಗಿದೆ ಎಂದು ಕೇಳಿದಾಗ ನಿಮಗಾದ ಸಂಕಟ ನ್ಯಾಯವಾದದ್ದೇ. ಹಿಂಸೆಯ ಅಪರಾಧಗಳನ್ನು ಮಾಡಿದವರೊಂದಿಗೆ ನಾನು ಹಲವು ವರ್ಷ ಮನೋಚಿಕಿತ್ಸಕಿಯಾಗಿ ಕೆಲಸ ಮಾಡಿದ್ದೇನೆ. ನೀವು ಕೇಳಿರುವ ಮೂರು ಪ್ರಶ್ನೆಗಳನ್ನು ಈ ಕೆಲಸದಲ್ಲಿರುವವರು ತಮಗೆ ತಾವೇ ಕೇಳಿಕೊಳ್ಳುತ್ತಿರಬೇಕು. ಕೇಳಿಕೊಳ್ಳುವುದನ್ನು ನಿಲ್ಲಿಸಿದ ಚಿಕಿತ್ಸಕರು ಅಪಾಯಕಾರಿಯಾಗುತ್ತಾರೆ ಎಂದೇ ನನ್ನ ಅಭಿಪ್ರಾಯ. ನಿಮ್ಮ ಅಣ್ಣನಿಗೆ ಕೇಡು ಮಾಡಿದ ಆ ವ್ಯಕ್ತಿಯ ಚಿಕಿತ್ಸೆಯ ಬಗ್ಗೆ ನಾನು ಏನನ್ನೂ ಹೇಳಲಾರೆ. ಇಂಥ ಚಿಕಿತ್ಸೆಯಲ್ಲಿ ಸ್ವಂತ ಕಥೆಗೆ ಇರುವ ಕೆಲಸವೇನು, ಅದು ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಚಿಕಿತ್ಸೆಯ ಕೋಣೆಯಲ್ಲಿ ಹೇಳುವ ಕಥೆಗೂ ನ್ಯಾಯಾಲಯದಲ್ಲಿ ಕೊಡುವ ಹೇಳಿಕೆಗೂ ಇರುವ ವ್ಯತ್ಯಾಸದಿಂದ ಆರಂಭಿಸುತ್ತೇನೆ. ನಮ್ಮ ಬಳಿ ಬರುವ ಹೊತ್ತಿಗೆ ಆ ವ್ಯಕ್ತಿ ತನ್ನ ಅಪರಾಧದ ಕಥೆಯನ್ನು ಅನೇಕ ಬಾರಿ ಹೇಳಿ ಮುಗಿಸಿರುತ್ತಾನೆ. ಪೊಲೀಸರಿಗೆ ಒಂದು ರೀತಿ, ವಕೀಲರಿಗೆ ಇನ್ನೊಂದು ರೀತಿ, ತಾಯಿಗೆ ಮತ್ತೊಂದು ರೀತಿ, ಜೊತೆಯ ಕೈದಿಗಳಿಗೆ ತಾನು ಸಣ್ಣವನಾಗದಂತೆ ಬೇರೆಯೇ ರೀತಿ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುವಂಥ ಒತ್ತಡದಲ್ಲಿ ಕಟ್ಟಿದ ಆ ಕಥೆ ಹೇಳಿ ಹೇಳಿ ನುಣುಪಾಗಿರುತ್ತದೆ. ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಅವನಿಗೇ ಗೊತ್ತಾಗದಷ್ಟು ರೂಢಿಯಾಗಿರುತ್ತದೆ. ಅವನು ಅದನ್ನು ನಂಬಿಯೂ ಇರುತ್ತಾನೆ. ಆದ್ದರಿಂದ 'ಕಥೆ ಹೇಳಿಕೊಳ್ಳುವುದು' ಚಿಕಿತ್ಸೆಯಾಗಿಬಿಡುವುದಿಲ್ಲ. ಹೇಳಿ ಹೇಳಿ ಗಟ್ಟಿಯಾದ ಆ ಕಥೆಯನ್ನು ಬಿಚ್ಚುವುದರಿಂದ ಚಿಕಿತ್ಸೆ ಶುರುವಾಗುತ್ತದೆ.

ಬಿಚ್ಚುವ ಕೆಲಸ ಆಗುವುದು ಬಹುಮಟ್ಟಿಗೆ ಕ್ರಿಯಾಪದಗಳಲ್ಲಿ. ನಮ್ಮ ಭಾಷೆಯನ್ನೇ ಗಮನಿಸಿ. ಕನ್ನಡದಲ್ಲಿ ಕೋಪ 'ಬರುತ್ತದೆ', ಜಗಳ 'ಆಗುತ್ತದೆ', ಮಾತು 'ಬೆಳೆಯುತ್ತದೆ', ಏಟು 'ಬೀಳುತ್ತದೆ'. 'ನನಗೆ ಸಿಟ್ಟು ಬಂತು' ಎಂಬ ವಾಕ್ಯದಲ್ಲಿ ಸಿಟ್ಟೇ ಕರ್ತೃ; ಹೇಳುವವನು ಚತುರ್ಥಿ ವಿಭಕ್ತಿಯಲ್ಲಿ, ಬಂದದ್ದನ್ನು ಬರಮಾಡಿಕೊಳ್ಳುವ ಜಾಗದಲ್ಲಿ ನಿಂತಿರುತ್ತಾನೆ. ಇದು ಭಾಷೆಯ ದೋಷವಲ್ಲ, ಭಾವನೆಗಳು ನಿಜವಾಗಿಯೂ ಹಾಗೆಯೇ ಬರುತ್ತವೆ. ಆದರೆ ಸಿಟ್ಟು ಬಂದದ್ದಕ್ಕೂ ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸಿದ್ದಕ್ಕೂ ನಡುವೆ ಎಲ್ಲೋ ಒಂದು ಕಡೆ ವ್ಯಾಕರಣ ಬದಲಾಗಲೇಬೇಕು. 'ಬಂತು' ಎಂಬುದು ಮುಗಿದು 'ಎತ್ತಿದೆ', 'ಹೊಡೆದೆ' ಎಂಬುದು ಶುರುವಾಗಬೇಕು. ಅಪರಾಧ ಮಾಡಿದ ಬಹಳಷ್ಟು ಜನರ ಕಥನದಲ್ಲಿ ಆ ಬದಲಾವಣೆ ಆಗುವುದೇ ಇಲ್ಲ. ಸಿಟ್ಟು ಬಂತು, ಗಲಾಟೆ ಆಯಿತು, ಏಟು ಬಿತ್ತು, ಕೇಸು ಆಯಿತು, ಶಿಕ್ಷೆ ಆಯಿತು. ಇಡೀ ಕಥೆಯಲ್ಲಿ ಯಾರೂ ಏನನ್ನೂ ಮಾಡಿರುವುದಿಲ್ಲ.

ಹಲವರ ಅನುಭವಗಳನ್ನು ಸೇರಿಸಿ, ಯಾರ ಗುರುತೂ ಸಿಗದಂತೆ ರೂಪಿಸಿದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಒಬ್ಬಾತ ಮೂರು ತಿಂಗಳ ಕಾಲ ತನ್ನ ಅಪರಾಧದ ರಾತ್ರಿಯನ್ನು ಒಂದೇ ವಾಕ್ಯದಲ್ಲಿ ಹೇಳುತ್ತಿದ್ದ: 'ಮಾತಿಗೆ ಮಾತು ಬೆಳೀತು ಮೇಡಂ, ಗಲಾಟೆ ಆಯ್ತು, ಏಟು ಬಿತ್ತು, ಅಷ್ಟೇ.' ಅವನೊಂದಿಗೆ ವಾದಕ್ಕಿಳಿಯುವುದು ಸುಲಭ, ಆದರೆ ವಾದದಿಂದ ಅವನ ವಾಕ್ಯ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅದರ ಬದಲು ಆ ರಾತ್ರಿಯ ವೇಗವನ್ನು ತಗ್ಗಿಸಬೇಕಾಗಿತ್ತು. ಮಾತು ಬೆಳೆದಾಗ ನೀವು ಎಲ್ಲಿ ನಿಂತಿದ್ದಿರಿ? ಕೈಯಲ್ಲಿ ಏನಿತ್ತು? ಕೋಣೆಯಲ್ಲಿ ಇನ್ಯಾರಿದ್ದರು? ಆಮೇಲೆ ಎಷ್ಟು ಹೆಜ್ಜೆ ನಡೆದಿರಿ? ಒಂದು ದಿನ ಅವನು ಹೇಳಿದ: 'ಬಾಗಿಲವರೆಗೆ ಹೋಗಿದ್ದೆ.' ಆಮೇಲೆ? ಬಹಳ ಹೊತ್ತು ಸುಮ್ಮನಿದ್ದು, 'ವಾಪಸ್ ಬಂದೆ' ಎಂದ.

ಆ ರಾತ್ರಿಯ ಬಗ್ಗೆ ಅವನು ತನ್ನನ್ನು ಕರ್ತೃವಾಗಿಟ್ಟು ಆಡಿದ ಮೊದಲ ಮಾತುಗಳು ಇವು. ಬಾಗಿಲವರೆಗೆ ಹೋದವನು ಹೊರಟುಹೋಗಬಹುದಿತ್ತು. ಅವನು ಹೋಗಲಿಲ್ಲ, ತಿರುಗಿ ಬಂದ. ಪೊಲೀಸ್ ದಾಖಲೆಯಲ್ಲಿ ಈ ಬಾಗಿಲು ಇರಲಿಲ್ಲ, ಏಕೆಂದರೆ ತೀರ್ಪಿಗೆ ಅದು ಬೇಕಾಗಿರಲಿಲ್ಲ. ಚಿಕಿತ್ಸೆಗೆ ಅದೇ ಬೇಕಾಗಿತ್ತು. ಮುಂದೆ ಎಂದಾದರೂ ಮತ್ತೊಮ್ಮೆ ಅವನಿಗೆ ಸಿಟ್ಟು ಬಂದಾಗ ಅಲ್ಲಿಯೂ ಒಂದು ಬಾಗಿಲು ಇರುತ್ತದೆ, ಅದನ್ನು ಗುರುತಿಸಲು ಅವನಿಗೆ ಬರಬೇಕು.

ನೆಪಗಳ ಬಗ್ಗೆ ನಿಮಗಿರುವ ಅನುಮಾನಕ್ಕೆ ಶಾಸ್ತ್ರೀಯವಾದ ಹಿನ್ನೆಲೆಯೇ ಇದೆ. 1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು, ತಪ್ಪು ಎಂದು ಗೊತ್ತಿದ್ದೂ ತಪ್ಪು ಮಾಡುವ ಹದಿಹರೆಯದವರು ತಮ್ಮ ಮನಸ್ಸಾಕ್ಷಿಯನ್ನು ಹೇಗೆ ಸುಮ್ಮನಿರಿಸುತ್ತಾರೆ ಎಂಬುದನ್ನು ವಿವರಿಸುತ್ತ ಐದು ಬಗೆಯ ಸಮಜಾಯಿಷಿಗಳನ್ನು ಗುರುತಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: 'ಅದು ನನ್ನ ಕೈಯಲ್ಲಿರಲಿಲ್ಲ', 'ಅಂಥ ನಷ್ಟವೇನೂ ಆಗಿಲ್ಲ', 'ಅವನಿಗೆ ಹಾಗೇ ಆಗಬೇಕಾಗಿತ್ತು', 'ನನ್ನನ್ನು ಕೇಳಲು ಇವರು ಯಾರು, ಇವರೇನು ಸಾಚಾಗಳೇ?'; 'ನನ್ನವರಿಗಾಗಿ ಮಾಡಿದೆ'. ಅಪರಾಧಿಗಳ ಚಿಕಿತ್ಸೆ ದೀರ್ಘಕಾಲ ಈ ಮಾತುಗಳನ್ನು ಒಂದೊಂದಾಗಿ ಮುರಿಯುವುದನ್ನೇ ತನ್ನ ಮುಖ್ಯ ಕೆಲಸವೆಂದುಕೊಂಡಿತ್ತು. ಅಪರಾಧಶಾಸ್ತ್ರಜ್ಞ ಶಾಡ್ ಮರುನಾ ಮತ್ತು ಮನಶ್ಶಾಸ್ತ್ರಜ್ಞೆ ರೂತ್ ಮಾನ್ 2006ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ಪ್ರಶ್ನಿಸಿದರು. ತಪ್ಪು ಮಾಡಿ ಸಿಕ್ಕಿಬಿದ್ದಾಗ ಸಮಜಾಯಿಷಿ ಕೊಡುವುದು ಎಲ್ಲ ಮನುಷ್ಯರೂ ಮಾಡುವ ಕೆಲಸ, ಕೃತ್ಯದ ನಂತರ ಹುಟ್ಟಿದ ಸಮಜಾಯಿಷಿಯನ್ನೇ ಕೃತ್ಯದ ಕಾರಣವೆಂದು ಭಾವಿಸಬಾರದು ಎಂಬುದು ಅವರ ವಾದ. ನಾನು ಇದನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. 'ಅವನಿಗೆ ಹಾಗೇ ಆಗಬೇಕಾಗಿತ್ತು' ಎಂಬ ಮಾತು ಕೆಲವರಲ್ಲಿ ಕೃತ್ಯಕ್ಕೆ ಮುಂಚೆಯೇ ಸಿದ್ಧವಾಗಿರುತ್ತದೆ, ಮುಂದಿನ ಕೃತ್ಯಕ್ಕೂ ಸಿದ್ಧವಾಗಿರುತ್ತದೆ. ಯಾವುದು ಮರ್ಯಾದೆ ಉಳಿಸಿಕೊಳ್ಳುವ ಮಾತು, ಯಾವುದು ಕೈ ಎತ್ತಿಸಿದ ಮಾತು ಎಂದು ಬೇರ್ಪಡಿಸಬೇಕಾದರೆ ಕಥೆಯನ್ನು ಪೂರ್ತಿ ಕೇಳಲೇಬೇಕು.

ಈಗ ಬಾಲ್ಯದ ಪ್ರಶ್ನೆ. ಬಾಗಿಲವರೆಗೆ ಹೋಗಿ ತಿರುಗಿ ಬಂದ ಆ ಮನುಷ್ಯನನ್ನು, ಏಕೆ ತಿರುಗಿದಿರಿ ಎಂದು ಕೇಳಿದಾಗ ಅವನು ಹೇಳಿದ್ದು: 'ಯಾರೋ ನಕ್ಕರು. ನನ್ನನ್ನೇ ನೋಡಿ ನಕ್ಕರು ಅನ್ನಿಸ್ತು.' ಆ ನಗುವಿನ ಜಾಡು ಹಿಡಿದು ಹೋದಾಗ ಎಂಟು ಒಂಬತ್ತು ವರ್ಷದ ಹುಡುಗನೊಬ್ಬ ಸಿಕ್ಕ. ಅವನ ತಂದೆ ಅವನನ್ನು ಹತ್ತು ಜನರ ಎದುರು ಹೊಡೆಯುತ್ತಿದ್ದ, ನೋಡುತ್ತಿದ್ದವರು ನಗುತ್ತಿದ್ದರು. ಇದು ನಡೆದದ್ದು ನಿಜ ಎಂದು ಇಟ್ಟುಕೊಳ್ಳೋಣ. ಆ ಹುಡುಗನ ನೋವು ನಿಜವಾದದ್ದು, ಅದಕ್ಕೆ ಮರುಕಪಡುವುದು ತಪ್ಪಲ್ಲ. ಆದರೆ ಅಂಥ ಬಾಲ್ಯವನ್ನು ಕಂಡ ಅಸಂಖ್ಯ ಜನ ಯಾರ ಮೈಮೇಲೂ ಕೈ ಮಾಡದೆ ಬದುಕುತ್ತಾರೆ. ಹಾಗಾದರೆ ಬಾಲ್ಯ ನಮಗೆ ಹೇಳುವುದೇನು? ಅವನು ಏಕೆ ಹೊಡೆದ ಎಂಬುದಕ್ಕೆ ಅದು ಪೂರ್ಣ ಉತ್ತರವಲ್ಲ. ಆ ಕೋಣೆಯಲ್ಲಿ ಕೇಳಿದ ನಗುವಿಗೆ ಅವನು ಯಾವ ಅರ್ಥ ಕೊಟ್ಟ, ಆ ಅರ್ಥವನ್ನು ಎಲ್ಲಿ ಕಲಿತ ಎಂಬುದನ್ನು ಅದು ತಿಳಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳಲ್ಲಿ ಮನೋವೈದ್ಯರಾಗಿ ದೀರ್ಘಕಾಲ ಕೆಲಸ ಮಾಡಿದ ಜೇಮ್ಸ್ ಗಿಲಿಗನ್ ಅವರು, ತೀವ್ರ ಹಿಂಸೆಯ ಹಿಂದೆ ಸಾಮಾನ್ಯವಾಗಿ ಸಹಿಸಲಾಗದ ಅವಮಾನವೊಂದು ಇರುತ್ತದೆ ಎಂದು 1996ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಎಲ್ಲ ಹಿಂಸೆಗೂ ಅದೇ ಮೂಲ ಎಂಬಷ್ಟು ದೂರ ನಾನು ಹೋಗಲಾರೆ. ಲೆಕ್ಕಾಚಾರ ಹಾಕಿ ಲಾಭಕ್ಕಾಗಿ ಮಾಡಿದ ಹಿಂಸೆಯನ್ನೂ ನಾನು ಕಂಡಿದ್ದೇನೆ. ಆದರೆ ಕ್ಷಣದಲ್ಲಿ ಸ್ಫೋಟಿಸುವ ಹಿಂಸೆಯಲ್ಲಿ ಈ ಮಾತು ಮತ್ತೆ ಮತ್ತೆ ನಿಜವಾಗುವುದನ್ನು ಕಂಡಿದ್ದೇನೆ.

ನೆಪಕ್ಕೂ ವಿವರಣೆಗೂ ಇರುವ ಗೆರೆ ಇಲ್ಲಿದೆ. ಹುಡುಗನಿಗೆ ಆದದ್ದನ್ನು ಹೇಳುವಾಗ 'ಆಯಿತು', 'ಬಿತ್ತು' ಎಂಬ ಕ್ರಿಯಾಪದಗಳು ಸರಿಯಾದವು, ಏಕೆಂದರೆ ಆ ಹುಡುಗ ನಿಜವಾಗಿಯೂ ಏನೂ ಮಾಡಿರಲಿಲ್ಲ. ಮೂವತ್ತು ವರ್ಷದ ಗಂಡಸು ಮಾಡಿದ್ದನ್ನು ಹೇಳಲು ಅದೇ ಕ್ರಿಯಾಪದಗಳನ್ನು ಎರವಲು ತಂದಾಗ ವಿವರಣೆ ನೆಪವಾಗುತ್ತದೆ. ಹುಡುಗನ ಅಧ್ಯಾಯದಲ್ಲೇ ಕಥೆ ನಿಂತುಬಿಟ್ಟರೆ, ವಾರಗಟ್ಟಲೆ ಅಲ್ಲೇ ಸುತ್ತಿದರೆ, ಆ ಚಿಕಿತ್ಸೆ ಸೋತಿದೆ ಎಂದೇ ತಿಳಿಯಬೇಕು. ಅಲ್ಲಿಂದ ಮತ್ತೆ ಆ ಬಾಗಿಲಿಗೆ ಬರಬೇಕು. ಅಂದು ನಕ್ಕವರು ಯಾರು? ಇಂದು ನಕ್ಕವರು ಯಾರು? ನಕ್ಕವರು ಬೇರೆ, ಏಟು ತಿಂದವರು ಬೇರೆ ಅಲ್ಲವೇ? ನಾನು ಹೇಳುತ್ತಿರುವ ಆ ಮನುಷ್ಯ ಹೊಡೆದದ್ದು ನಕ್ಕವನನ್ನಲ್ಲ. ಅದು ಅವನಿಗೆ ತಿಳಿದ ದಿನ ಅವನು ಒಂದು ಮಾತೂ ಆಡದೆ ಎದ್ದುಹೋದ. ಮುಂದಿನ ವಾರ ತಾನಾಗಿಯೇ ಬಂದು ಕುಳಿತ.

ಕಥನವನ್ನೇ ಆಧಾರವಾಗಿಟ್ಟುಕೊಂಡ ಒಂದು ಚಿಕಿತ್ಸಾ ಪದ್ಧತಿಯೂ ಇದೆ. ಆಸ್ಟ್ರೇಲಿಯಾದ ಮೈಕಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ 1990ರಲ್ಲಿ ಪ್ರಕಟಿಸಿದ ಕೃತಿಯಿಂದ ಅದು ಪ್ರಸಿದ್ಧವಾಯಿತು. ಸಮಸ್ಯೆಯನ್ನು ವ್ಯಕ್ತಿಯಿಂದ ಬೇರ್ಪಡಿಸಿ, ಅದಕ್ಕೊಂದು ಹೆಸರಿಟ್ಟು ಮಾತನಾಡುವುದು ಅದರ ಒಂದು ಮುಖ್ಯ ವಿಧಾನ. ಖಿನ್ನತೆಯಿಂದ ಬಳಲುವವರಿಗೆ, ಭಯಪಡುವ ಮಕ್ಕಳಿಗೆ ಇದು ದೊಡ್ಡ ಬಿಡುಗಡೆ. ಅಪರಾಧಿಗಳ ವಿಷಯದಲ್ಲಿ ಇದನ್ನು ಹಾಗೇ ತಂದು ಅಂಟಿಸಿದರೆ ಕೇಡು ಕಟ್ಟಿಟ್ಟದ್ದು, ಏಕೆಂದರೆ 'ಸಿಟ್ಟು ಎಂಬ ಶತ್ರು ನನ್ನಿಂದ ಮಾಡಿಸಿತು' ಎಂದು ಹೇಳಲು ಅವರಿಗೆ ಕಲಿಸಬೇಕಾಗಿಯೇ ಇಲ್ಲ. ಅದೇ 1990ರಲ್ಲಿ ಆಸ್ಟ್ರೇಲಿಯಾದ ಅಲನ್ ಜೆಂಕಿನ್ಸ್, ಹಿಂಸೆ ಮತ್ತು ದೌರ್ಜನ್ಯ ನಡೆಸಿದ ಗಂಡಸರೊಂದಿಗಿನ ತಮ್ಮ ಕೆಲಸದ ಬಗ್ಗೆ ಬರೆದರು. ಹೊಣೆ ಹೊತ್ತುಕೋ ಎಂದು ಚಿಕಿತ್ಸಕರು ಒತ್ತಾಯಿಸಿದಷ್ಟೂ ಆ ಗಂಡಸು ಅದರ ವಿರುದ್ಧ ವಾದಿಸುತ್ತ ಕೂರುತ್ತಾನೆ, ಆಗ ಹೊಣೆಯ ಭಾರವೆಲ್ಲ ಚಿಕಿತ್ಸಕರ ತಲೆಯ ಮೇಲೇ ಬೀಳುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಅವನು ತಾನಾಗಿ ಹೊಣೆಯತ್ತ ಹೆಜ್ಜೆಯಿಡುವಂತೆ ಪ್ರಶ್ನೆಗಳ ಮೂಲಕ ಆಹ್ವಾನಿಸಬೇಕು ಎಂಬುದು ಅವರ ದಾರಿ. ನನ್ನ ಕೆಲಸಕ್ಕೆ ಅತ್ಯಂತ ಹತ್ತಿರವಾದ ದಾರಿಯೂ ಅದೇ.

ಇದರಿಂದ ಪ್ರಯೋಜನವಿದೆಯೇ ಎಂಬುದು ನಿಮ್ಮ ಪ್ರಶ್ನೆಗಳ ಹಿಂದಿರುವ ಪ್ರಶ್ನೆ ಎಂದುಕೊಂಡಿದ್ದೇನೆ. ಶಾಡ್ ಮರುನಾ ಅವರು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ಅಪರಾಧದ ಬದುಕನ್ನು ಬಿಟ್ಟವರ ಮತ್ತು ಬಿಡದವರ ಜೀವನಕಥೆಗಳನ್ನು ಸಂಗ್ರಹಿಸಿ ಹೋಲಿಸಿದರು. ಅದರ ಫಲಿತಾಂಶ 2001ರಲ್ಲಿ ಪುಸ್ತಕವಾಗಿ ಬಂತು. ಎರಡೂ ಗುಂಪಿನವರ ಹಿನ್ನೆಲೆ, ಬಡತನ, ಬಾಲ್ಯದ ದುರವಸ್ಥೆ ಬಹುಮಟ್ಟಿಗೆ ಒಂದೇ ಬಗೆಯವು. ಬೇರೆಯಾಗಿದ್ದದ್ದು ಅವರು ಅದನ್ನು ಹೇಳುವ ರೀತಿ. ಬಿಡದವರ ಕಥೆಯಲ್ಲಿ ಎಲ್ಲವೂ ಎಂದೋ ನಿರ್ಧಾರವಾಗಿಹೋಗಿತ್ತು, ಇನ್ನು ಬದಲಾಗುವುದೇನೂ ಇರಲಿಲ್ಲ. ಬಿಟ್ಟವರು ತಮ್ಮ ಒಳಗೆ ಮೊದಲಿನಿಂದಲೂ ಒಬ್ಬ ಒಳ್ಳೆಯ ಮನುಷ್ಯ ಇದ್ದಾನೆ ಎಂದು ನಂಬುತ್ತಿದ್ದರು, ಮುಂದಿನ ಬದುಕು ತಮ್ಮ ಕೈಯಲ್ಲಿದೆ ಎನ್ನುತ್ತಿದ್ದರು, ಕಳೆದುಹೋದ ವರ್ಷಗಳಿಂದ ಇತರರಿಗೆ ಉಪಯೋಗವಾಗುವಂಥದ್ದೇನನ್ನಾದರೂ ಮಾಡಬೇಕೆಂದು ಹಂಬಲಿಸುತ್ತಿದ್ದರು. ನಿಮಗೆ ಇರುಸುಮುರುಸಾಗಬಹುದಾದ ಒಂದು ಅಂಶವನ್ನೂ ನಾನು ಮುಚ್ಚಿಡಬಾರದು. ಸುಧಾರಿಸಿದವರ ಕಥೆಗಳು ಹೆಚ್ಚು ನಿಖರವಾಗಿದ್ದವು ಎಂದೇನೂ ಅಲ್ಲ. ತಮ್ಮ ಭೂತಕಾಲದ ತಪ್ಪುಗಳನ್ನು ಅವರು ಕೆಲವೊಮ್ಮೆ ಸನ್ನಿವೇಶದ ಮೇಲೆ ಹಾಕುತ್ತಿದ್ದರು. ಭವಿಷ್ಯದ ಹೊಣೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದರು. ಇಂಥ ಅಧ್ಯಯನದಿಂದ ಕಥೆ ಬದಲಾದದ್ದರಿಂದಲೇ ಬದುಕು ಬದಲಾಯಿತು ಎಂದು ಸಾಧಿಸಲಾಗದು. ಬದುಕು ಬದಲಾದ ಮೇಲೆ ಕಥೆಯೂ ಬದಲಾಗಿರಬಹುದು. ಯಾವುದು ಮೊದಲು ಎಂಬುದರ ಬಗ್ಗೆ ಒಂದು ಸುಳಿವು ಬೇರೆ ಕಡೆ ಇದೆ. ಮನಶ್ಶಾಸ್ತ್ರಜ್ಞ ಜೊನಾಥನ್ ಆಡ್ಲರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೋಚಿಕಿತ್ಸೆಗೆ ಬಂದ 47 ಜನ ಚಿಕಿತ್ಸೆಯುದ್ದಕ್ಕೂ ತಮ್ಮ ಅನುಭವವನ್ನು ಬರೆಯುತ್ತ ಹೋದರು. ಅವರ ಬರಹದಲ್ಲಿ ತಾನೇ ಕರ್ತೃ ಎಂಬ ಭಾವ ಮೊದಲು ಹೆಚ್ಚಿತು, ಮಾನಸಿಕ ಆರೋಗ್ಯ ಸುಧಾರಿಸಿದ್ದು ಅದರ ನಂತರ. ಅವರು ಅಪರಾಧಿಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಕ್ರಿಯಾಪದ ಮೊದಲು ಬದಲಾಗಬಲ್ಲದು ಎಂಬುದಕ್ಕೆ ಅದು ನನಗೆ ಸಿಕ್ಕಿರುವ ಒಳ್ಳೆಯ ಆಧಾರ.

ಸೋಲಿನ ಕಥೆಯೂ ಇದೆ, ನನ್ನ ವೃತ್ತಿಯವರು ಅದರಿಂದ ಕಲಿತದ್ದೇ ಹೆಚ್ಚು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ಲೈಂಗಿಕ ಅಪರಾಧ ಮಾಡಿದವರಿಗಾಗಿ ಬಹಳ ಕಾಲ ನಡೆದ ಗುಂಪು ಚಿಕಿತ್ಸೆಯೊಂದರಲ್ಲಿ, ಪ್ರತಿಯೊಬ್ಬರೂ ತಮ್ಮ ಅಪರಾಧವನ್ನು ಎಲ್ಲರೆದುರು ವಿವರವಾಗಿ ಹೇಳಬೇಕಾಗಿತ್ತು. 2017ರಲ್ಲಿ ಪ್ರಕಟವಾದ ಸರ್ಕಾರಿ ಮೌಲ್ಯಮಾಪನದಲ್ಲಿ, ಆ ಚಿಕಿತ್ಸೆ ಪಡೆದವರಲ್ಲಿ ಶೇ. 10ರಷ್ಟು ಜನ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರೆ, ಪಡೆಯದ ಅಂಥವರೇ ಆದ ಕೈದಿಗಳಲ್ಲಿ ಆ ಪ್ರಮಾಣ ಶೇ. 8 ಎಂದು ಕಂಡುಬಂತು. ವ್ಯತ್ಯಾಸ ಸಣ್ಣದು, ಆದರೆ ತಿರುಗುಮುರುಗಾದದ್ದು. ಆ ಕಾರ್ಯಕ್ರಮವನ್ನು ನಿಲ್ಲಿಸಲಾಯಿತು. ಅದರ ಜಾಗಕ್ಕೆ ಬಂದವುಗಳಲ್ಲಿ ಅಪರಾಧದ ವಿವರಗಳನ್ನು ಬಿಡಿಸಿ ಹೇಳಲೇಬೇಕೆಂಬ ಒತ್ತಾಯವಿರಲಿಲ್ಲ. ವಿವರಗಳನ್ನು ಹೇಳಿಸಿದ್ದೇ ಸೋಲಿಗೆ ಕಾರಣ ಎಂದು ಆ ಅಂಕಿಗಳು ಹೇಳುವುದಿಲ್ಲ. ಆದರೆ 1998 ಮತ್ತು 2005ರಲ್ಲಿ ಕೆನಡಾದ ಕಾರ್ಲ್ ಹ್ಯಾನ್ಸನ್ ಮತ್ತು ಅವರ ಸಹೋದ್ಯೋಗಿಗಳು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಲೈಂಗಿಕ ಅಪರಾಧವನ್ನು ಒಪ್ಪಿಕೊಳ್ಳದೆ ನಿರಾಕರಿಸುವುದಕ್ಕೂ ಮತ್ತೆ ಅದೇ ಅಪರಾಧ ಮಾಡುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಂಡುಬಂದಿರಲಿಲ್ಲ. ಆದ್ದರಿಂದ ನಾಲ್ಕು ಜನರೆದುರು ಕಣ್ಣೀರಿಟ್ಟು ಎಲ್ಲವನ್ನೂ ಒಪ್ಪಿಕೊಳ್ಳುವುದನ್ನು ಬದಲಾವಣೆಯ ಸಾಕ್ಷಿ ಎಂದು ನಾನು ಈಗ ನಂಬುವುದಿಲ್ಲ. ವೃತ್ತಿಯ ಆರಂಭದಲ್ಲಿ ನಂಬಿದ್ದೆ. ಅಂಥ ಒಪ್ಪಿಗೆಯ ಮರುವಾರವೇ ಒಬ್ಬಾತ ಜೈಲಿನಲ್ಲಿ ಇನ್ನೊಬ್ಬನನ್ನು ಹೊಡೆದಾಗ, ನಾನು ಕೇಳಿದ್ದು ಅವನ ಕಥೆಯಲ್ಲ, ನಾನು ಕೇಳಲು ಬಯಸಿದ್ದ ಕಥೆ ಎಂದು ತಿಳಿಯಿತು.

ತಪ್ಪಿತಸ್ಥ ಭಾವ ಮತ್ತು ನಾಚಿಕೆ ಇವೆರಡರ ವ್ಯತ್ಯಾಸವೂ ಇಲ್ಲಿ ಮುಖ್ಯ. 'ನಾನು ಕೆಟ್ಟ ಕೆಲಸ ಮಾಡಿದೆ' ಎನ್ನುವುದು ಒಂದು, 'ನಾನೇ ಕೆಟ್ಟವನು' ಎನ್ನುವುದು ಇನ್ನೊಂದು. ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಅಮೆರಿಕದ ಜೈಲೊಂದರ ಕೈದಿಗಳನ್ನು ಬಿಡುಗಡೆಯ ನಂತರದ ಒಂದು ವರ್ಷ ಗಮನಿಸಿ 2014ರಲ್ಲಿ ವರದಿ ಮಾಡಿದರು. ಮೊದಲನೆಯ ಭಾವಕ್ಕೆ ಒಲಿಯುವವರಲ್ಲಿ ಮರು ಅಪರಾಧ ಕಡಿಮೆಯಿತ್ತು. ಎರಡನೆಯದು ಇಬ್ಬಗೆಯದಾಗಿತ್ತು, ಆ ನಾಚಿಕೆ ಇತರರ ಮೇಲೆ ತಪ್ಪು ಹೊರಿಸುವುದರ ಕಡೆಗೆ ತಿರುಗಿದಾಗ ಮರು ಅಪರಾಧ ಹೆಚ್ಚುತ್ತಿತ್ತು. ತನ್ನನ್ನು ರಾಕ್ಷಸ ಎಂದುಕೊಂಡವನು ಬದಲಾಗುವ ಹೊಣೆಯಿಂದಲೂ ತಪ್ಪಿಸಿಕೊಳ್ಳುತ್ತಾನೆ, ರಾಕ್ಷಸನಿಂದ ಯಾರು ಏನನ್ನು ನಿರೀಕ್ಷಿಸುತ್ತಾರೆ? ಬದುಕಿನ ಉಳಿದ ಭಾಗವನ್ನು, ಅಂದರೆ ಅವನು ಯಾರ ಮಗ, ಏನು ಕೆಲಸ ಬಲ್ಲವ, ಯಾರನ್ನು ಪ್ರೀತಿಸಿದ್ದ ಎಂಬುದನ್ನು ನಾವು ಕೇಳುವುದು ಅವನನ್ನು ಸಂತೈಸಲು ಅಲ್ಲ. ಮಾಡಿದ ಕೃತ್ಯವನ್ನು ಹೊರಲು ಆ ಕೃತ್ಯಕ್ಕಿಂತ ದೊಡ್ಡದಾದ ಒಬ್ಬ ಮನುಷ್ಯ ಬೇಕು, ಅದಕ್ಕಾಗಿ.

ಸುಳ್ಳಿನ ವಿಷಯ. ಮೊದಲನೆಯದಾಗಿ, ಅಪರಾಧಿಯ ಬಾಯಿಂದಷ್ಟೇ ಕಥೆ ಕೇಳುವ ಚಿಕಿತ್ಸಕರು ತಮ್ಮ ಕೆಲಸವನ್ನು ಅರ್ಧವೇ ಮಾಡುತ್ತಿದ್ದಾರೆ. ತೀರ್ಪಿನ ಪ್ರತಿ, ಗಾಯದ ವೈದ್ಯಕೀಯ ವರದಿ, ಏಟು ತಿಂದವರ ಹೇಳಿಕೆ ಇವುಗಳನ್ನು ಓದಿಯೇ ಕುಳಿತುಕೊಳ್ಳಬೇಕು. ಅವನು 'ಒಂದೇ ಏಟು' ಎನ್ನುವಾಗ ವರದಿಯಲ್ಲಿ ಆರು ಗಾಯಗಳಿದ್ದರೆ, ಆ ಐದು ಏಟುಗಳು ಎಲ್ಲಿ ಹೋದವು ಎಂಬುದೇ ಮುಂದಿನ ಕೆಲಸವಾಗುತ್ತದೆ. ಎಲ್ಲ ಬಿಟ್ಟುಹೋದವೂ ಸುಳ್ಳಲ್ಲ. ಕುಡಿತ, ತೀವ್ರ ಉದ್ವೇಗ, ಭಯ ಇವುಗಳಿಂದ ನೆನಪು ನಿಜವಾಗಿಯೂ ಹರಿದುಹೋಗಿರಬಹುದು, ತಾನೇ ಮಾಡಿದ ಹಿಂಸೆಯ ದೃಶ್ಯ ಕನಸಿನಲ್ಲಿ ಮರುಕಳಿಸಿ ಬೆವರುವವರೂ ಇದ್ದಾರೆ. ಎರಡನೆಯದಾಗಿ, ಜೊತೆಗಾರರ ಕಿವಿ ನಮ್ಮ ಕಿವಿಗಿಂತ ಚುರುಕು. 1962ರಲ್ಲಿ ತೆರೆದ ಇಂಗ್ಲೆಂಡಿನ ಗ್ರೆಂಡನ್ ಜೈಲಿನಲ್ಲಿ ಕೈದಿಗಳು ಚಿಕಿತ್ಸಾ ಸಮುದಾಯಗಳಾಗಿ ಬದುಕುತ್ತ, ಗುಂಪಿನಲ್ಲಿ ತಮ್ಮ ಬದುಕನ್ನೂ ಅಪರಾಧವನ್ನೂ ಕುರಿತು ಮಾತನಾಡುತ್ತಾರೆ. ಇಂಗ್ಲೆಂಡಿನದೇ ಬರ್ಕ್‌ಷೈರ್‌ನಲ್ಲಿರುವ, ಬಿಗಿ ಭದ್ರತೆಯ ಮನೋರೋಗ ಆಸ್ಪತ್ರೆಯಾದ ಬ್ರಾಡ್‌ಮೂರ್‌ನಲ್ಲಿ ಮನೋವೈದ್ಯೆ ಗ್ವೆನ್ ಆಡ್ಸ್‌ಹೆಡ್ ಅವರು ಕೊಲೆ ಮಾಡಿದವರಿಗಾಗಿ ಗುಂಪು ಚಿಕಿತ್ಸೆ ನಡೆಸಿದ್ದಾರೆ. ಚಿಕಿತ್ಸಕರನ್ನು ನಂಬಿಸಬಲ್ಲ ಕಥೆಯನ್ನು, ಅದೇ ಕಥೆಯನ್ನು ತಾನೂ ಒಂದು ಕಾಲದಲ್ಲಿ ಹೇಳಿದ್ದ ಇನ್ನೊಬ್ಬ ಕೈದಿ ಅರ್ಧಕ್ಕೇ ನಿಲ್ಲಿಸುತ್ತಾನೆ: 'ಇದನ್ನ ನಾನೂ ಹೇಳ್ತಿದ್ದೆ ಬಿಡಪ್ಪ, ಮುಂದೇನಾಯ್ತು ಹೇಳು.'

ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ಸುಳ್ಳು ಕಥೆಯಲ್ಲ, ಪಾಠದಂಥ ಕಥೆ. ಬಿಡುಗಡೆಯ ಅರ್ಜಿ ಹತ್ತಿರವಿರುವಾಗ ಕೆಲವರು ನಮ್ಮದೇ ಪದಗಳನ್ನು ನಮಗೇ ಒಪ್ಪಿಸುತ್ತಾರೆ. 'ನನಗೆ ಒಳನೋಟ ಸಿಕ್ಕಿದೆ', 'ನನ್ನ ಪ್ರಚೋದಕಗಳು ಗೊತ್ತಾಗಿವೆ', 'ಸಂಪೂರ್ಣ ಹೊಣೆ ಹೊರುತ್ತೇನೆ' ಎನ್ನುತ್ತಾರೆ. ಆ ಕಥೆಯಲ್ಲಿ ಬಾಗಿಲು ಇರುವುದಿಲ್ಲ, ನಗು ಇರುವುದಿಲ್ಲ, ಎಷ್ಟು ಹೆಜ್ಜೆ ನಡೆದೆ ಎಂಬುದು ಇರುವುದಿಲ್ಲ. ನಿಜವಾಗಿ ಚಲಿಸುತ್ತಿರುವ ಕಥೆ ತೊದಲುತ್ತದೆ. ಹಿಂದಿನ ವಾರ ಹೇಳಿದ್ದನ್ನು ತಿದ್ದಿಕೊಳ್ಳುತ್ತದೆ, ಹೇಳುವವನಿಗೆ ಅನುಕೂಲವಲ್ಲದ ವಿವರಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅವನ ನಡವಳಿಕೆ ಅದಕ್ಕೆ ಹೊಂದುತ್ತದೆಯೇ ಎಂಬುದನ್ನು ಜೈಲಿನ ಸಿಬ್ಬಂದಿಯಿಂದ ತಿಳಿಯುವುದೂ ನಮ್ಮ ಕೆಲಸದ ಭಾಗವೇ. ಇಲ್ಲಿನ ಗೌಪ್ಯತೆಗೆ ಮಿತಿಯಿದೆ, ಮೊದಲ ದಿನವೇ ಅದನ್ನು ಅವನಿಗೆ ಹೇಳಿರುತ್ತೇವೆ. ಇನ್ನೊಬ್ಬರ ಜೀವಕ್ಕೆ ಅಪಾಯವಿರುವಾಗ ಚಿಕಿತ್ಸಕರು ಸುಮ್ಮನಿರುವಂತಿಲ್ಲ ಎಂಬ ತತ್ವ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಕೊಟ್ಟ ಟ್ಯಾರಸಾಫ್ ತೀರ್ಪಿನಿಂದ ಪ್ರಸಿದ್ಧವಾಯಿತು.

ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ. ಮನೋವಿಕಾರದ ತೀವ್ರ ಹಂತದಲ್ಲಿರುವವರಿಗೆ ಮೊದಲು ಔಷಧಿ ಮತ್ತು ಶಾಂತ ಪರಿಸರ ಬೇಕು. ತಾನು ಮಾಡಿದ ಹಿಂಸೆಯನ್ನು ವರ್ಣಿಸುವುದರಲ್ಲೇ ಸುಖ ಕಾಣುವವನಿದ್ದರೆ ಅವನಿಂದ ಆ ಕಥೆಯನ್ನು ಹೇಳಿಸಲೇಬಾರದು.

ಕೊನೆಯದಾಗಿ ನಿಮ್ಮ ಅಣ್ಣನ ವಿಷಯ. ಆರಂಭದ ಕಥೆಗಳಲ್ಲಿ ಏಟು ತಿಂದವರು ಇರುವುದೇ ಇಲ್ಲ ಎನ್ನಬಹುದು. 'ಆ ವ್ಯಕ್ತಿ', 'ಎದುರಿಗಿದ್ದವ', ಹೆಚ್ಚೆಂದರೆ 'ಆ ಪಾರ್ಟಿ'. ಹೆಸರಿಲ್ಲ, ಮುಖವಿಲ್ಲ, ಮರುದಿನದ ಬೆಳಗು ಇಲ್ಲ. ಕಥೆ ಮುಂದುವರಿದಂತೆ ಆ ಖಾಲಿ ಜಾಗದಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಳ್ಳಬೇಕು. ಅವನು ಅಂದು ಎಲ್ಲಿಗೆ ಹೊರಟಿದ್ದ, ಯಾರು ಅವನಿಗಾಗಿ ಕಾಯುತ್ತಿದ್ದರು, ಇಂದು ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಯಾರ ಸಹಾಯ ಬೇಕು ಎಂಬುದೆಲ್ಲ ಹೇಳುವವನ ಕಲ್ಪನೆಯೊಳಗೆ ಬರಬೇಕು. ಇಷ್ಟಾಗದೆ ಮುಗಿದ ಚಿಕಿತ್ಸೆಯನ್ನು ಮುಗಿದದ್ದೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದರಲ್ಲೂ ಒಂದು ಅಪಾಯವಿದೆ. ತನ್ನ ಸುಧಾರಣೆಯ ಕಥೆಗೆ ಒಂದು ಒಳ್ಳೆಯ ಕೊನೆ ಬೇಕೆಂದು ಅವನಿಗೆ ಅನ್ನಿಸತೊಡಗುತ್ತದೆ, ಏಟು ತಿಂದವರ ಕ್ಷಮೆಯೇ ಆ ಕೊನೆ ಎಂದು ಅವನು ಭಾವಿಸತೊಡಗುತ್ತಾನೆ. ಆಗ ಅವನನ್ನು ತಡೆಯಲೇಬೇಕು. ಒಮ್ಮೆ ಆ ಮನುಷ್ಯನ ದೇಹವನ್ನು ತನ್ನ ಸಿಟ್ಟಿಗೆ ಬಳಸಿಕೊಂಡವನು, ಈಗ ಅದೇ ಮನುಷ್ಯನ ಮನಸ್ಸನ್ನು ತನ್ನ ನೆಮ್ಮದಿಗೆ ಬಳಸಿಕೊಳ್ಳಲು ನಾವು ಬಿಡಬಾರದು.

ಚಿಕಿತ್ಸೆಯ ಭಾಗವಾಗಿ ಅನೇಕರು ಕ್ಷಮೆ ಕೇಳುವ ಪತ್ರ ಬರೆಯುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕಳುಹಿಸುವುದಕ್ಕಾಗಿ ಬರೆದವಲ್ಲ. ಚಿಕಿತ್ಸಕರೊಂದಿಗೆ ಓದಿ, ಯಾವ ವಾಕ್ಯದಲ್ಲಿ ಮತ್ತೆ 'ಆಯಿತು' ನುಸುಳಿದೆ ಎಂದು ನೋಡಿ, ಕಡತದಲ್ಲಿ ಉಳಿಯುವಂಥವು. ಎಂದಾದರೂ ಅಂಥ ಪತ್ರವೊಂದು ಕಳುಹಿಸಬಹುದೇ ಎಂಬ ಕೋರಿಕೆ ಬಂದರೆ, ಅದು ಮಧ್ಯಸ್ಥರ ಮೂಲಕ, ಮೊದಲು ನಿಮ್ಮ ಅಣ್ಣನ ಒಪ್ಪಿಗೆ ಕೇಳಿಯೇ ಬರಬೇಕು. ಅವರು ಬೇಡ ಎನ್ನಬಹುದು. ಈಗ ಬೇಡ, ಐದು ವರ್ಷದ ಮೇಲೆ ನೋಡೋಣ ಎನ್ನಬಹುದು. ಓದಿ ಉತ್ತರಿಸದೇ ಇರಬಹುದು. ಅವರ ಪರವಾಗಿ ನೀವು ಒಪ್ಪಬೇಕಾಗಿಲ್ಲ, ಅವರನ್ನು ಒಪ್ಪಿಸಲೂ ಬೇಕಾಗಿಲ್ಲ. ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ, ನನ್ನಂಥ ಚಿಕಿತ್ಸಕರಿಗೂ.